ಕಣ್ಣಿಗೆ ಬೀಗವಿಲ್ಲ

ಮಧ್ಯಾಹ್ನ ಊಟವಾಗಿ ಒಂದು ಗಳಿಗೆ ಅಡ್ಡಾಗುವಾಗ ನಾನು ಈಗಲೂ ಎಡಮಗ್ಗುಲಿಗೇ ತಿರುಗುತ್ತೇನೆ. ಅಂಗಾತ ಮಲಗುವುದನ್ನು ಬಿಟ್ಟು ನಲವತ್ತು ವರ್ಷಗಳ ಮೇಲಾಯಿತು. "ಅಜ್ಜಿ, ಯಾವಾಗಲೂ ಗೋಡೆಗೆ ಮುಖ ಮಾಡಿ ಮಲಗುವುದು ಎಂತಕ್ಕೆ? ನಮ್ಮ ಮೇಲೆ ಸಿಟ್ಟಾ?" ಎಂದು ಮೊಮ್ಮಗಳು ಕೇಳುತ್ತಾಳೆ. ಸಿಟ್ಟಲ್ಲ. ಅದು ನಾನೂ ನನ್ನ ನಾದಿನಿಯೂ ಒಂದು ಕಾಲದಲ್ಲಿ ಗೆದ್ದು ತಂದ ಮಗ್ಗುಲು. ಇಂಥದನ್ನು ಮಾತಿನಲ್ಲಿ ಹೇಳಿದರೆ ಮಕ್ಕಳು ನಗುತ್ತಾರೆ, ಆದ್ದರಿಂದ ಬರೆದಿಡುತ್ತಿದ್ದೇನೆ.

ನನ್ನ ತವರು ಕಾರ್ಕಳದಿಂದ ಒಳಗೆ ಇದ್ದದ್ದರಿಂದ ಹತ್ತನೆಯ ವಯಸ್ಸಿಗೇ ನನ್ನನ್ನು ಕಾರ್ಕಳದ ಕಾನ್ವೆಂಟಿನ ಹಾಸ್ಟೆಲಿಗೆ ಸೇರಿಸಿದ್ದರು. ಅಲ್ಲಿ ಸಿಸ್ಟರುಗಳು ನಮಗೆ ಇಂಗ್ಲಿಷ್ ಕಲಿಸಿದರು, ಎಂಬ್ರಾಯ್ಡರಿ ಕಲಿಸಿದರು, ಸದ್ದಾಗದ ಹಾಗೆ ಸೂಪು ಕುಡಿಯುವುದನ್ನು ಕಲಿಸಿದರು. ಮಲಗುವುದನ್ನೂ ಕಲಿಸಿದರು. ಅಂಗಾತ, ನೇರವಾಗಿ, ಕೈಗಳೆರಡೂ ಹೊದಿಕೆಯ ಮೇಲೆ. "ಲೈಕ್ ಲಿಟ್ಲ್ ಏಂಜಲ್ಸ್." ಮುದುರಿಕೊಂಡು ಮಲಗಿದವಳಿಗೆ ಮರುದಿನ ಜಾಮ್ ಇಲ್ಲ. ಏಂಜಲ್ಸ್ ಹೀಗೆ ಮಲಗುತ್ತಾರೆಂದು ಇವರಿಗೆ ಹೇಳಿದವರು ಯಾರು ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಕಾಪುವಿನ ಮನೆಗೆ ಬಂದೆ. ನನ್ನವರು ಬ್ಯಾಂಕಿನವರು, ಪೋಸ್ಟಿಂಗ್ ಎಲ್ಲೋ ಘಟ್ಟದ ಮೇಲೆ. ಉಡುಪಿಯ ಒಂದು ಹೈಸ್ಕೂಲಿನಲ್ಲಿ ನಾನು ಸೈನ್ಸ್ ಟೀಚರ್, ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಮನೆಯಲ್ಲಿ ನಾವು ಮೂವರೇ ಹೆಂಗಸರು: ಅತ್ತೆ, ನಾನು, ಹದಿನೆಂಟು ತುಂಬಿದ ನಾದಿನಿ. ಅವಳಿಗೆ ಮಾತು ಜಾಸ್ತಿ, ನಗು ಇನ್ನೂ ಜಾಸ್ತಿ. ಪಿಯುಸಿ ಮುಗಿಸಿದ್ದಳು. ಉಡುಪಿಯಲ್ಲಿ ಟೀಚರ್ಸ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು, ಬನ್ನಂಜೆಯಲ್ಲಿ ಹುಡುಗಿಯರ ಹಾಸ್ಟೆಲ್ ಗೊತ್ತುಮಾಡಿಯಾಗಿತ್ತು, ಜೂನಿನಲ್ಲಿ ಸೇರುವುದು ಎಂದಿತ್ತು. ಒಂದು ಹಸಿರು ಟ್ರಂಕು ಕೂಡ ತಂದಾಗಿತ್ತು. ಅದನ್ನು ದಿನಕ್ಕೆ ನಾಲ್ಕು ಸಲ ತೆರೆದು ಮುಚ್ಚುತ್ತಿದ್ದಳು.

ಮನೆಯ ಹಿಂದೆ ಮಲ್ಲಿಗೆ ಗಿಡಗಳಿದ್ದವು. ಮಲ್ಲಿಗೆ ಬೆಳೆಯುವ ಮನೆಯ ಗಡಿಯಾರವೇ ಬೇರೆ. ಮೊಗ್ಗು ಬಿರಿಯುವ ಮೊದಲು ಕೊಯ್ಯಬೇಕು, ಬಿಸಿಲೇರುವ ಮೊದಲು ಬಾಳೆನಾರಿನಲ್ಲಿ ಕಟ್ಟಿ ಮುಗಿಸಬೇಕು, ಹೂವಿನವನ ಸೈಕಲ್ ಬೆಲ್ ಕೇಳುವಾಗ ಬುಟ್ಟಿ ಮೆಟ್ಟಿಲ ಮೇಲಿರಬೇಕು. ಏಪ್ರಿಲ್, ಮೇ ಎಂದರೆ ಗಿಡಗಳಿಗೆ ಹುಚ್ಚು ಹಿಡಿದ ಹಾಗೆ ಹೂವು. ಆ ಎರಡು ತಿಂಗಳು ನಾದಿನಿ ನಾಲ್ಕು ಗಂಟೆಗೆಲ್ಲ ಟಾರ್ಚು ಹಿಡಿದು ಗಿಡಗಳ ನಡುವೆ ಇರುತ್ತಿದ್ದಳು. ಅವಳಷ್ಟು ಚುರುಕಾಗಿ ಹೂ ಕಟ್ಟುವವರು ಆ ಕಡೆಯಲ್ಲಿ ಇರಲಿಲ್ಲ. ಊಟವಾದ ಮೇಲೆ ಚಾವಡಿಯ ತಣ್ಣಗಿನ ನೆಲಕ್ಕೆ ಚಾಪೆ ಹಾಸಿ ಬಿದ್ದುಕೊಂಡಳೆಂದರೆ ಮುಗಿಯಿತು.

ಏಪ್ರಿಲಿನ ಒಂದು ಮಧ್ಯಾಹ್ನ ನಾನು ಅದೇ ಚಾವಡಿಯಲ್ಲಿ ಕುಳಿತು ಆನ್ಸರ್ ಪೇಪರ್ ತಿದ್ದುತ್ತಿದ್ದೆ. ನಾದಿನಿಯ ಕಡೆಯಿಂದ ಒಂದು ನರಳುವ ಸದ್ದು ಬಂತು. ನೋಡಿದರೆ ಕಣ್ಣು ಅರೆತೆರೆದಿದೆ, ಮೈ ಮರದ ದಿಮ್ಮಿಯ ಹಾಗೆ. ಓಡಿ ಹೋಗಿ ಅಲುಗಿಸಿದೆ. ದಿಗ್ಗನೆ ಎದ್ದು ನನ್ನ ಕುತ್ತಿಗೆಗೆ ಬಿದ್ದಳು.

"ಅತ್ತಿಗೆ, ಎದೆ ಮೇಲೆ ಯಾರೋ ಕೂತಿದ್ರು. ಕರೆದದ್ದು ಕೇಳಲಿಲ್ವಾ ನಿಮಗೆ?"

"ನೀನು ಕರೆಯಲೇ ಇಲ್ಲ."

"ಎಷ್ಟು ಜೋರಾಗಿ ಕರೆದೆ! ನೀವು ಅಲ್ಲಿ ಕೂತು ಕೆಂಪು ಪೆನ್ನಿನಲ್ಲಿ ಗೀಚುವುದು ನನಗೆ ಕಾಣ್ತಾ ಇತ್ತು. ಬೆರಳು ಎತ್ತಲಿಕ್ಕೆ ಆಗಲಿಲ್ಲ ಮಾರಾಯ್ರೆ."

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಏನೂ ಕೇಳಲಿಲ್ಲ. ಒಳಗೆ ಹೋಗಿ ದೊಡ್ಡ ಕತ್ತಿಯನ್ನು ತಂದು ಮಗಳ ಚಾಪೆಯ ಕೆಳಗೆ ಸರಿಸಿದರು. ಕಬ್ಬಿಣ ಇದ್ದಲ್ಲಿಗೆ ಅದು ಬರುವುದಿಲ್ಲವಂತೆ. 'ಅದು' ಎಂದರೆ ಯಾವುದು ಎಂದು ಹೇಳಲಿಲ್ಲ. ಆಮೇಲೆ ಕಟ್ಟುನಿಟ್ಟು ಮಾಡಿದರು: ಇನ್ನು ಮೇಲೆ ಮಗ್ಗುಲಾಗಿ ಮುದುರಿ ಮಲಗುವುದು ಬೇಡ, ಮಗ್ಗುಲಾದರೆ ಬೆನ್ನ ಹಿಂದೆ ಅದಕ್ಕೆ ಜಾಗ ಕೊಟ್ಟ ಹಾಗೆ. ಅಂಗಾತ ಮಲಗಬೇಕು, ಮುಖ ಮಾಡಿನ ಹಂಚಿಗೆ, ಬೆನ್ನು ನೆಲಕ್ಕೆ.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಸೈನ್ಸ್ ಟೀಚರ್ ಆದ ನಾನು, "ಅತ್ತೆ ಹೇಳುವುದು ಕರೆಕ್ಟ್. ನಮ್ಮ ಕಾನ್ವೆಂಟಿನಲ್ಲೂ ಹಾಗೇ ಮಲಗಿಸುತ್ತಿದ್ದರು. ಸ್ಟ್ರೈಟ್ ಮಲಗಿದರೆ ಉಸಿರಾಟಕ್ಕೆ ಒಳ್ಳೆಯದು," ಎಂದೆ. ಕಾಪುವಿನ ಅತ್ತೆಯೂ ಕಾರ್ಕಳದ ಸಿಸ್ಟರೂ ಜೀವಮಾನದಲ್ಲಿ ಒಂದೇ ಒಂದು ವಿಷಯದಲ್ಲಿ ಒಪ್ಪಿದ್ದರು, ಆ ಒಂದರಲ್ಲಿಯೇ ಇಬ್ಬರೂ ತಪ್ಪಿದ್ದರು. ಪಾಪದ ಹುಡುಗಿ ಕತ್ತಿಯ ಮೇಲೆ ಅಂಗಾತ ಮಲಗಿದಳು. ಅದು ಸಾಲದೆಂದು ಅತ್ತೆ ರಾತ್ರಿ ಎರಡು ಮೂರು ಸಲ ಅವಳನ್ನು ಎಬ್ಬಿಸಿ, "ಸರಿ ಇದ್ದೀಯಾ?" ಎಂದು ಕೇಳತೊಡಗಿದರು. ಮೊದಲು ವಾರಕ್ಕೊಮ್ಮೆ ಬಂದದ್ದು ಆಮೇಲೆ ವಾರಕ್ಕೆ ಮೂರು ಸಲ ಬಂತು.

ಸುದ್ದಿ ನಂದಿಕೂರಿಗೆ ಮುಟ್ಟಿತು. ಅಲ್ಲಿ ಅತ್ತೆಯ ಅಣ್ಣ, ನಾದಿನಿಯ ಸೋದರಮಾವ ಇದ್ದರು. ಮನೆಯ ದೊಡ್ಡ ತೀರ್ಮಾನಗಳೆಲ್ಲ ಅವರದು. ಕೊಡೆ ಊರಿಕೊಂಡು ಬಂದವರು ಚಾವಡಿಯ ಈಸಿಚೇರಿನಲ್ಲಿ ಕುಳಿತು ಮಜ್ಜಿಗೆ ಕುಡಿದು ಹೇಳಿದರು:

"ಹಾಸ್ಟೆಲಿನಲ್ಲಿ ನಲವತ್ತು ಹುಡುಗಿಯರ ಮಧ್ಯ ಇವಳು ಹೆಣದ ಹಾಗೆ ಬಿದ್ದುಕೊಂಡು ಆಮೇಲೆ ಕಿರುಚಿಕೊಂಡು ಎದ್ದರೆ ಎಂತ ಕತೆ? ನಾಳೆ ಶಾಲೆಯಲ್ಲಿ ಮಕ್ಕಳ ಎದುರು ಹೀಗೆ ಆದರೆ? ಟ್ರೈನಿಂಗ್ ಬೇಡ. ಹದಿನೈದು ದಿನ ಬಿಟ್ಟು ಬರುತ್ತೇನೆ. ಒಂದು ಮಂಡಲ ನಮ್ಮಲ್ಲಿ ಇರಲಿ, ಮಂತ್ರಿಸಿದ ನೂಲು ಕಟ್ಟಿಸುವ, ಪೂಜೆ ಮಾಡಿಸುವ. ಮತ್ತೆ ನೋಡುವ."

ಒಂದು ಮಂಡಲ ಎಂದರೆ ನಲವತ್ತೆಂಟು ದಿನ. ಅಷ್ಟರಲ್ಲಿ ಜೂನ್ ಮುಗಿದಿರುತ್ತದೆ, ಸೀಟು ಇನ್ನೊಬ್ಬಳದಾಗಿರುತ್ತದೆ. ನಾನು ಬಾಯಿ ತೆರೆದೆ. "ಇದು ಏನೋ ಮೆಡಿಕಲ್ ಇರಬಹುದು ಮಾವ..."

"ಟೀಚರ್, ನಿಮ್ಮ ಇಂಗ್ಲಿಷ್ ಶಾಲೆಯಲ್ಲಿ ಇರಲಿ," ಎಂದರು.

ಮರುದಿನ ನಾದಿನಿ ಕಟ್ಟಿದ ಮಲ್ಲಿಗೆಯಲ್ಲಿ ಮೊಗ್ಗುಗಳು ನಾರಿನ ಬಿಗಿತಕ್ಕೆ ಜಜ್ಜಿಹೋಗಿದ್ದವು. ಹೂವಿನವನು, "ಇವತ್ತು ಯಾರ ಮೇಲಕ್ಕಾ ಕೋಪ?" ಎಂದು ಕೇಳಿ ಸೈಕಲ್ ಹತ್ತಿದ.

ಆ ವಾರವೇ ನಾನು ಮಣಿಪಾಲಕ್ಕೆ ಹೋದೆ. ಕಾನ್ವೆಂಟಿನ ನನ್ನ ಕ್ಲಾಸ್‌ಮೇಟ್ ಒಬ್ಬಳು ಅಲ್ಲಿ ನರ್ಸ್ ಆಗಿದ್ದಳು. ಆಗಿನ ಮಣಿಪಾಲ ಎಂದರೆ ಮುರಕಲ್ಲಿನ ಕೆಂಪು ಗುಡ್ಡ, ಬಿಸಿಗಾಳಿ, ನಡುನಡುವೆ ದೊಡ್ಡ ದೊಡ್ಡ ಕಟ್ಟಡಗಳು. ಅವಳು ನನ್ನನ್ನು ಒಬ್ಬ ವಯಸ್ಸಾದ ಪ್ರೊಫೆಸರ್ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನಾನು ಭೂತ, ಕತ್ತಿ, ಕನಸು, ಎದೆಯ ಭಾರ ಎಂದು ಕನ್ನಡ ಇಂಗ್ಲಿಷ್ ಎರಡರಲ್ಲೂ ತೊದಲಿದೆ. ಅವರು ಕೇಳಿದ್ದು ಮೂರೇ ಪ್ರಶ್ನೆ. ಎಷ್ಟು ಗಂಟೆಗೆ ಏಳುತ್ತಾಳೆ? ಹೇಗೆ ಮಲಗುತ್ತಾಳೆ? ಆ ಹೊತ್ತಿನಲ್ಲಿ ಕಣ್ಣು ಆಡಿಸಲಿಕ್ಕೆ ಆಗುತ್ತದಾ?

ಆಮೇಲೆ ಒಂದು ಕಾಗದದ ಹಿಂಬದಿಯಲ್ಲಿ ಗೆರೆ ಎಳೆದು ವಿವರಿಸಿದರು. ನನಗೆ ಕನಸೇ ಬೀಳುವುದಿಲ್ಲ ಎನ್ನುವವನಿಗೂ ರಾತ್ರಿಗೆ ನಾಲ್ಕೈದು ಸಲ ಕನಸು ಬೀಳುತ್ತದೆ, ಬೆಳಿಗ್ಗೆಗೆ ಮರೆತಿರುತ್ತಾನೆ ಅಷ್ಟೆ. ಕನಸು ಬೀಳುವಾಗ ಮಿದುಳೇ ಕೈಕಾಲುಗಳಿಗೆ ಬೀಗ ಹಾಕುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡುವವರು ನಿಜವಾಗಿಯೇ ಎದ್ದು ಓಡಿ ಬಾವಿಗೆ ಬಿದ್ದಾರು. ಕೆಲವೊಮ್ಮೆ ಬೀಗ ತೆರೆಯುವ ಮೊದಲೇ ಎಚ್ಚರವಾಗಿಬಿಡುತ್ತದೆ. ಆಗ ಕಣ್ಣು ಕೋಣೆಯನ್ನು ನೋಡುತ್ತದೆ, ಕಿವಿ ಕೇಳುತ್ತದೆ, ಕನಸಿನ ಬಾಲ ಮಾತ್ರ ಇನ್ನೂ ಉಳಿದಿರುತ್ತದೆ. ಎದೆ ಭಾರ ಅನ್ನಿಸುತ್ತದೆ, ಯಾರೋ ನಿಂತ ಹಾಗೆ ಕಾಣುತ್ತದೆ.

"ನಿದ್ದೆ ಕೆಟ್ಟವರಿಗೆ ಇದು ಹೆಚ್ಚು. ಅವರು ಮಧ್ಯಾಹ್ನ ಕಣ್ಣು ಮುಚ್ಚಿದರೆ ಕನಸು ಬಾಗಿಲಲ್ಲೇ ಕಾದಿರುತ್ತದೆ. ಅಂಗಾತ ಮಲಗಿದವರಿಗೆ ಇನ್ನೂ ಹೆಚ್ಚು."

"ಅಂಗಾತ?" ಎಂದೆ.

"ಯಾಕೆ, ಯಾರಾದರೂ ಹಾಗೆ ಮಲಗಿಸಿದರಾ?"

ಐ ಕನ್ಫೆಸ್ಡ್. ಅವರು ಕನ್ನಡಕ ತೆಗೆದು ಒರೆಸುತ್ತಾ ನಕ್ಕರು. ಮಾತ್ರೆ ಬರೆಯಲಿಲ್ಲ. "ಅವಳಿಗೆ ಬೇಕಾದದ್ದು ನಿದ್ದೆ. ಮಗ್ಗುಲಾಗಿ ಮಲಗಲಿ. ಮತ್ತೆ ಆ ಕತ್ತಿಯನ್ನು ಅಡುಗೆಮನೆಗೆ ಕೊಡಿ," ಎಂದರು. ಹೊರಡುವಾಗ ಮತ್ತೊಂದು ಮಾತು ಸೇರಿಸಿದರು: "ಬೀಗ ಇಲ್ಲದ್ದು ಉಸಿರಿಗೆ ಮತ್ತು ಕಣ್ಣಿಗೆ ಮಾತ್ರ."

ಬಸ್ಸಿನುದ್ದಕ್ಕೂ ಆ ಮಾತು ನನ್ನ ತಲೆಯಲ್ಲಿ ತಿರುಗುತ್ತಿತ್ತು.

ನಾದಿನಿಗೆ ಎಲ್ಲವನ್ನೂ ಮಲ್ಲಿಗೆ ಗಿಡಗಳ ನಡುವೆ ನಿಂತು ಹೇಳಿದೆ. ಅವಳು ತಿಂಗಳ ಮೇಲೆ ಮೊದಲ ಸಲ ನಕ್ಕಳು.

"ಅಂದರೆ ನನ್ನನ್ನು ಹಿಡಿದುಕೊಂಡದ್ದು ನಾನೇ!"

"ನೀನೇ."

"ಇದನ್ನು ಮಾವನಿಗೆ ನೀವು ಹೇಳ್ತೀರಾ?"

"ಹೇಳ್ತೇನೆ."

"ಪ್ರಯೋಜನ ಇಲ್ಲ. ಡಾಕ್ಟರು ಅಂದ ಕೂಡಲೇ ಅವರಿಗೆ ಸಿಟ್ಟು ಬರ್ತದೆ, ಇಂಗ್ಲಿಷ್ ಕೇಳಿದರೆ ಡಬ್ಬಲ್ ಸಿಟ್ಟು." ಒಂದು ಮೊಗ್ಗನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತಳು. "ನನಗೆ ಆಗ ಕಣ್ಣು ಆಡುತ್ತದೆ ಅಲ್ವಾ? ಕಿವಿಯೂ ಕೇಳುತ್ತದೆ ಅಲ್ವಾ? ಹಾಗಾದರೆ ನಾನೇ ಹೇಳ್ತೇನೆ. ಅಲ್ಲಿಂದಲೇ."

ಈ ಐಡಿಯಾ ನನ್ನದು ಎಂದು ಎಷ್ಟೋ ಜನ ತಿಳಿದಿದ್ದಾರೆ. ನನ್ನದಲ್ಲ, ಅವಳದು. ಸಂಕೇತವನ್ನು ಅಲ್ಲೇ ಗೊತ್ತುಮಾಡಿದೆವು. ಅದು ಬಂದಾಗ ಕಣ್ಣನ್ನು ಎಡಕ್ಕೆ, ಬಲಕ್ಕೆ, ಮೂರು ಸಲ. ನಾನು ಪ್ರಶ್ನೆ ಕೇಳಿದರೆ, ಲೆಕ್ಕದ ಉತ್ತರವಿದ್ದರೆ ಅಷ್ಟು ಸಲ. ನಾನು ಕಾಲಿನ ಹೆಬ್ಬೆರಳು ಹಿಡಿದು ಅಲುಗಿಸಿದರೆ ಆಟ ಮುಗಿಯಿತು.

ಆದರೆ ಒಂದು ಫಜೀತಿಯಾಯಿತು. ನಾನು ಹೂ ಕೊಯ್ಯುವ ಕೆಲಸದಲ್ಲಿ ಅರ್ಧ ತೆಗೆದುಕೊಂಡೆ. ರಾತ್ರಿ ಎಬ್ಬಿಸಬೇಡಿ, ಮಗ್ಗುಲಾಗಿ ಮಲಗಲು ಬಿಡಿ ಎಂದು ಅತ್ತೆಯ ಕಾಲು ಹಿಡಿದೆ. ನಾದಿನಿ ಎಡಮಗ್ಗುಲಾಗಿ ಒಂದು ವಾರ ಕಣ್ತುಂಬ ನಿದ್ದೆ ಮಾಡಿದಳು. 'ಅದು' ಪತ್ತೆಯೇ ಇಲ್ಲ! ನನಗೆ ಸಂತೋಷವೋ ಸಂತೋಷ. ಅವಳು ತಲೆ ಅಲ್ಲಾಡಿಸಿದಳು.

"ವಾಸಿ ಆದರೆ ಸಾಲದು ಅತ್ತಿಗೆ. 'ಈಗ ಅಡಗಿದೆ, ಹಾಸ್ಟೆಲಿನಲ್ಲಿ ಏಳ್ತದೆ' ಅಂತಾರೆ ಮಾವ. ತೋರಿಸಬೇಕು."

ಮಾವ ಬರುವ ಎರಡು ದಿನ ಮೊದಲಿನಿಂದ ಅವಳು ಬೇಕೆಂದೇ ಮೂರು ಗಂಟೆಗೆ ಎದ್ದು ಎಲ್ಲ ಗಿಡಗಳನ್ನೂ ಒಬ್ಬಳೇ ಕೊಯ್ದಳು. ಮಧ್ಯಾಹ್ನ ಬೇಕೆಂದೇ ಅಂಗಾತ ಮಲಗಿದಳು. ಯಾವುದಕ್ಕೆ ಹೆದರಿ ಮೊನ್ನೆ ನನ್ನ ಕುತ್ತಿಗೆಗೆ ಬಿದ್ದಿದ್ದಳೋ ಅದನ್ನೇ, "ಬಾ ಮಾರಾಯಾ, ಎದೆ ಮೇಲೆ ಕೂತುಕೋ, ಜಾಗ ಉಂಟು," ಎಂದು ಕರೆಯುತ್ತಿದ್ದಳು. ಕರೆದರೆ ಬರುತ್ತದೆಯೇ? ಎರಡು ದಿನ ಗೊರಕೆ ಹೊಡೆದು ನಿದ್ದೆ ಮಾಡಿದಳು. ಅವಳ ಕಣ್ಣನ್ನೇ ನೋಡುತ್ತಾ ಕುಳಿತ ನನಗೆ ಕುತ್ತಿಗೆ ನೋವು ಬಂತು.

ಮೂರನೆಯ ದಿನ ಮಾವ ಬಂದರು. ಕೈಯಲ್ಲಿ ಕೊಡೆ, ಹಿಂದೆ ಆಳಿನ ತಲೆಯ ಮೇಲೆ ಎರಡು ಹಲಸಿನ ಹಣ್ಣು. "ಎರಡೂ ಅಸಲು ಬಕ್ಕೆ," ಎಂದು ಇಳಿಸಿದರು. ಬಕ್ಕೆ ಎಂದರೆ ಗಟ್ಟಿ ತೊಳೆಯ ಹಲಸು, ಎಲ್ಲರಿಗೂ ಅದೇ ಬೇಕು. ತುಳುವೆ ಎಂದರೆ ಲೊಳಲೊಳ, ಅದನ್ನು ಯಾರೂ ಉಡುಗೊರೆಯಾಗಿ ತರುವುದಿಲ್ಲ. ಸಂಜೆಯ ಬಸ್ಸಿಗೆ ಸೋದರಸೊಸೆಯನ್ನು ಕರೆದುಕೊಂಡು ಹೊರಡುವುದೆಂದು ಹೇಳಿ ಊಟಕ್ಕೆ ಕುಳಿತರು. ಹಸಿರು ಟ್ರಂಕಿನಲ್ಲಿದ್ದ ಬಟ್ಟೆಗಳನ್ನು ಅತ್ತೆ ಒಂದು ಚೀಲಕ್ಕೆ ತುಂಬಿಸಿಟ್ಟಿದ್ದರು.

ಊಟವಾಯಿತು. ಮಾವ ಈಸಿಚೇರಿನಲ್ಲಿ ತೂಕಡಿಸಿದರು. ಅತ್ತೆ ಬಾಗಿಲ ಪಕ್ಕ ಕುಳಿತು ಬಾಳೆನಾರು ಸೀಳುತ್ತಿದ್ದರು. ನಾದಿನಿ ಚಾಪೆ ಹಾಸಿ, ಕೆಳಗೆ ಕತ್ತಿ ಇದೆಯೇ ಎಂದು ಕೈಯಿಂದ ತಡವಿ ನೋಡಿ, ನನಗೊಂದು ಕಣ್ಣು ಹೊಡೆದು ಅಂಗಾತ ಮಲಗಿದಳು. ಐದು ನಿಮಿಷಕ್ಕೆ ನಿದ್ದೆ. ಗಡಿಯಾರದಲ್ಲಿ ಎರಡು ಹೊಡೆಯಿತು. ಎರಡೂಕಾಲು. ನಾನು ಮನಸ್ಸಿನಲ್ಲೇ ಕಾಪುವಿನ ದೇವಿಯನ್ನೂ ಕಾನ್ವೆಂಟಿನ ಮೇರಿಯಮ್ಮನನ್ನೂ ಒಟ್ಟಿಗೆ ಕರೆದೆ.

ಅವಳ ಉಸಿರು ಬದಲಾಯಿತು. ರೆಪ್ಪೆ ಅರ್ಧ ತೆರೆಯಿತು. ಗಂಟಲಲ್ಲಿ ಆ ಸಣ್ಣ ನರಳು. ಅತ್ತೆ ನಾರು ಎಸೆದು ಎದ್ದರು. ಮಾವ ಎಚ್ಚೆತ್ತು, "ಬಂತು, ಬಂತು! ನೀರು ತನ್ನಿ!" ಎಂದು ಕೂಗಿದರು.

"ಯಾರೂ ಮುಟ್ಟಬೇಡಿ!" ಎಂದೆ. ಕ್ಲಾಸಿನಲ್ಲಿ ಬಳಸುವ ಸ್ವರ ಅದು, ಆ ಮನೆಯಲ್ಲಿ ಅದುವರೆಗೆ ಎತ್ತಿರಲಿಲ್ಲ. ಎಲ್ಲರೂ ನಿಂತಲ್ಲೇ ನಿಂತರು. "ಮಗಾ, ನಿನಗೆ ನನ್ನ ಮಾತು ಕೇಳುತ್ತದಾ?"

ಕಣ್ಣು ಆಡಿತು. ಎಡಕ್ಕೆ, ಬಲಕ್ಕೆ. ಎಡಕ್ಕೆ, ಬಲಕ್ಕೆ. ಎಡಕ್ಕೆ, ಬಲಕ್ಕೆ.

"ನೋಡಿ ಮಾವ, ಇವಳೇ ಹೇಳುತ್ತಿದ್ದಾಳೆ. ಮೈ ಮಾತ್ರ ನಿದ್ದೆಯಲ್ಲಿದೆ, ಇವಳು ಎದ್ದಿದ್ದಾಳೆ. ಬೇಕಾದರೆ ನೀವೇ ಏನಾದರೂ ಲೆಕ್ಕ ಕೇಳಿ. ಬೇಗ!"

ಮಾವನಿಗೆ ಗಾಬರಿಯಲ್ಲಿ ಬೇರೆ ಏನೂ ಹೊಳೆಯಲಿಲ್ಲ. "ನಾನು... ನಾನು ಇವತ್ತು ಎಷ್ಟು ಹಲಸಿನ ಹಣ್ಣು ತಂದೆ?"

ಎಡಕ್ಕೆ, ಬಲಕ್ಕೆ. ಎಡಕ್ಕೆ, ಬಲಕ್ಕೆ. ನಿಂತಿತು.

ನಾನು ಕಾಲಿನ ಹೆಬ್ಬೆರಳು ಹಿಡಿದು ಅಲುಗಿಸಿದೆ. ಅವಳು ದೀರ್ಘವಾಗಿ ಉಸಿರೆಳೆದು ಎದ್ದು ಕುಳಿತಳು. ಕೂದಲು ಹಿಂದಕ್ಕೆ ತಳ್ಳಿ ಮೊದಲು ಆಡಿದ ಮಾತು ಇದು:

"ಎರಡು ಮಾವ. ಆದರೆ ಒಂದು ಬಕ್ಕೆ ಅಲ್ಲ, ತುಳುವೆ. ನಾನು ಆಗಲೇ ಒತ್ತಿ ನೋಡಿದ್ದೇನೆ."

ಮಾವ ಮೆಲ್ಲಗೆ ಈಸಿಚೇರಿಗೆ ಕುಸಿದು, "ಇಷ್ಟು ಅಧಿಕಪ್ರಸಂಗ ಬೇರೆ ಯಾರದ್ದೂ ಅಲ್ಲ, ಇವಳದ್ದೇ," ಎಂದರು.

ಆಗ ಅತ್ತೆ ಅಳತೊಡಗಿದರು. ಮಗಳಿಗಾಗಿ ಎಂದುಕೊಂಡೆ. ಅಲ್ಲ. ಅವರು ನೆಲಕ್ಕೆ ಕುಳಿತು, ಅಣ್ಣನ ಮುಖ ನೋಡದೆ ಹೇಳಿದರು: "ಅಣ್ಣಾ, ನನಗೂ ಬರ್ತದೆ. ಈ ಮಗು ಹುಟ್ಟಿದ ವರ್ಷದಿಂದ. ಇದು ರಾತ್ರಿ ಇಡೀ ಅಳುತ್ತಿತ್ತು, ಮಲಗಲಿಕ್ಕೇ ಆಗುತ್ತಿರಲಿಲ್ಲ, ಆಗ ಶುರುವಾದದ್ದು. ಹೇಳಿದರೆ ನನ್ನನ್ನು ಎಲ್ಲಿಗೆ ಕರ್ಕೊಂಡು ಹೋಗ್ತಾರೋ, ಮಗುವಿನ ಗತಿ ಎಂತ ಎಂದು ಹೇಳಲಿಲ್ಲ. ಆ ಕತ್ತಿ ಅಷ್ಟು ವರ್ಷ ಇದ್ದದ್ದು ನನ್ನ ಚಾಪೆಯ ಅಡಿಯಲ್ಲಿ."

ಹದಿನೆಂಟು ವರ್ಷ! ಮಲ್ಲಿಗೆ ಕೊಯ್ಯಲು ಏಳುತ್ತಾ, ಕತ್ತಿಯ ಮೇಲೆ ಅಂಗಾತ ಮಲಗುತ್ತಾ, ಒಬ್ಬರಿಗೂ ಹೇಳದೆ. ತನಗೆ ಗೊತ್ತಿದ್ದ ಒಂದೇ ಮದ್ದನ್ನು ಅವರು ಮಗಳಿಗೆ ಕೊಟ್ಟಿದ್ದರು. ನಾದಿನಿ ತಾಯಿಯ ಹತ್ತಿರ ಸರಿದು, "ಅಮ್ಮಾ, ನೀವೂ ಕಣ್ಣು ಆಡಿಸಿ. ನಾನು ಹೆಬ್ಬೆರಳು ಹಿಡಿತೇನೆ," ಎಂದಳು. ಅತ್ತೆ ಅಳುತ್ತಲೇ ನಕ್ಕರು.

ಮಾವ ಗಂಟಲು ಸರಿಮಾಡಿಕೊಂಡರು. ನನ್ನ ಕಡೆ ತಿರುಗಿ ಕೇಳಿದರು, "ನಿದ್ದೆ ಕಡಿಮೆಯಾದದ್ದಕ್ಕೆ ಹೀಗೆ ಅಂತೀರಾ ಟೀಚರ್?"

"ಹೌದು ಮಾವ."

"ಆ ಹಾಸ್ಟೆಲಿನಲ್ಲಿ ಎಷ್ಟು ಗಂಟೆಗೆ ಎಬ್ಬಿಸುತ್ತಾರೆ?"

"ಐದೂವರೆಗೆ," ಎಂದಳು ನಾದಿನಿ.

ಮಾವ ಬೆರಳು ಮಡಚಿ ಲೆಕ್ಕ ಹಾಕಿದರು. "ಇಲ್ಲಿಗಿಂತ ಒಂದೂವರೆ ಗಂಟೆ ಜಾಸ್ತಿಯಾಯಿತು. ಹಾಗಾದರೆ ಇವಳಿಗೆ ಹಾಸ್ಟೆಲೇ ಒಳ್ಳೆಯದು."

ಇದು ಬಿಟ್ಟರೆ ಸೋಲನ್ನು ಒಪ್ಪಿಕೊಳ್ಳುವ ಬೇರೆ ಭಾಷೆ ಅವರಿಗೆ ಗೊತ್ತಿರಲಿಲ್ಲ. ಅತ್ತೆ ಚಾಪೆಯ ಕೆಳಗಿನಿಂದ ಕತ್ತಿಯನ್ನು ಎಳೆದು, ಅಲಗಿಗೆ ತೆಂಗಿನೆಣ್ಣೆ ಸವರಿ ಹಲಸಿನ ಹಣ್ಣು ಕೊಯ್ದರು. ಒಂದು ತುಳುವೆಯೇ ಆಗಿತ್ತು. ಮಾವ ಅದನ್ನೇ ತಿಂದರು, ಬಕ್ಕೆಯ ತೊಳೆಗಳನ್ನು ನಮ್ಮ ಕಡೆ ತಳ್ಳಿದರು. ಜೂನಿನಲ್ಲಿ ಮೊದಲ ಮಳೆಗೆ ನೆನೆಯುತ್ತಾ ಹಸಿರು ಟ್ರಂಕನ್ನು ಬಸ್ಸಿನ ಟಾಪಿಗೆ ಏರಿಸಿದವರೂ ಅವರೇ.

ಸುದ್ದಿ ಹೂವಿನವನ ಸೈಕಲ್ ಏರಿ ಊರೆಲ್ಲ ಸುತ್ತಿತು. ಮಲ್ಲಿಗೆ ಬೆಳೆಯುವ ಮನೆಗಳ ಹೆಂಗಸರು ಒಬ್ಬೊಬ್ಬರಾಗಿ ಬಂದರು, ಸಕ್ಕರೆ ಕೇಳುವ ನೆಪದಲ್ಲಿ, ಕರಿಬೇವು ಕೊಡುವ ನೆಪದಲ್ಲಿ. ಹೊರಡುವಾಗ ಬಾಗಿಲಲ್ಲಿ ದನಿ ತಗ್ಗಿಸಿ, "ಟೀಚರೇ, ನನಗೂ ಉಂಟು," ಎನ್ನುತ್ತಿದ್ದರು. ಆಮೇಲೆ ದನಿ ತಗ್ಗಿಸುವುದನ್ನೂ ಬಿಟ್ಟರು. ಪ್ರಶ್ನೆಗಳು ಬೆಳೆದವು. ನಿದ್ದೆ ಹತ್ತುವಾಗ ಬಾವಿಗೆ ಬಿದ್ದ ಹಾಗೆ ಕಾಲು ಜಗ್ಗುತ್ತದಲ್ಲ, ಅದು ಎಂತ? ಹುಟ್ಟು ಕುರುಡರಿಗೆ ಕನಸು ಉಂಟಾ? ನಾನು ಪಟ್ಟಿ ಮಾಡಿಕೊಂಡು ಮತ್ತೆ ಮಣಿಪಾಲಕ್ಕೆ ಹೋದೆ. ಕಾಲು ಜಗ್ಗುವುದು ಎಲ್ಲರಿಗೂ ಇದ್ದದ್ದೇ. ಹುಟ್ಟು ಕುರುಡರಿಗೂ ಕನಸು ಉಂಟು, ಆದರೆ ಅದು ಸದ್ದು, ವಾಸನೆ, ಸ್ಪರ್ಶಗಳ ಕನಸು. ಎಳೆ ಕೂಸು ತನ್ನ ನಿದ್ದೆಯ ಅರ್ಧದಷ್ಟನ್ನು ಕನಸಿನ ಥರದ ನಿದ್ದೆಯಲ್ಲೇ ಕಳೆಯುತ್ತದೆ. ಇದನ್ನೆಲ್ಲ ನಮ್ಮ ಜಗಲಿಯಲ್ಲಿ ಹೂ ಕಟ್ಟುತ್ತಾ ಹೇಳಿದೆ. ಕುರುಡರ ಮಾತು ಬಂದಾಗ ಅತ್ತೆ ಮೊಗ್ಗೊಂದನ್ನು ಮೂಸಿ, "ಹಾಗಾದರೆ ಅವರ ಕನಸಿನಲ್ಲಿ ನಮ್ಮ ಮಲ್ಲಿಗೆ ಇನ್ನೂ ಚೆಂದ," ಎಂದರು. ಅವರೂ ಅಷ್ಟರಲ್ಲಿ ಮಗ್ಗುಲಾಗಿ ಮಲಗತೊಡಗಿದ್ದರು.

ಎಂಬತ್ತರ ದಶಕದ ನಡುವಿನಲ್ಲಿ ಒಂದು ಇಂಗ್ಲಿಷ್ ಮ್ಯಾಗಜೀನಿನಲ್ಲಿ ಓದಿದೆ. ನಮ್ಮ ಚಾವಡಿಯ ಕಾಲದಲ್ಲೇ, ಆಚೀಚೆಯ ವರ್ಷಗಳಲ್ಲಿ, ಹೊರದೇಶಗಳ ಲ್ಯಾಬೊರೇಟರಿಗಳಲ್ಲಿ ಮಲಗಿದವರು ಕನಸಿನ ಒಳಗಿನಿಂದಲೇ ಕಣ್ಣು ಆಡಿಸಿ ಹೊರಗಿನವರಿಗೆ ಸಂಕೇತ ಕಳಿಸಿದ್ದರಂತೆ. ಪತ್ರಿಕೆ ಹಿಡಿದು ಓಡುತ್ತಾ ಸಂತೆಕಟ್ಟೆಯ ಬಸ್ಸು ಹತ್ತಿದೆ. ಅಷ್ಟರಲ್ಲಿ ನಾದಿನಿ ಆ ಕಡೆಯ ಒಂದು ಶಾಲೆಯಲ್ಲಿ ಟೀಚರ್. ಸ್ಟಾಫ್ ರೂಮಿನಲ್ಲಿ ನಿಂತೇ ಓದಿದಳು. "ಅವರ ಹತ್ತಿರ ಮೆಷಿನ್ ಇತ್ತು ಅತ್ತಿಗೆ. ನಮ್ಮ ಹತ್ತಿರ ಹಲಸಿನ ಹಣ್ಣು," ಎಂದು ನಕ್ಕಳು.

ಹಾಸ್ಟೆಲಿಗೆ ಸೇರಿದ ಮೊದಲ ವಾರ ಅವಳು ಬರೆದ ಇನ್‌ಲ್ಯಾಂಡ್ ಲೆಟರ್ ಇನ್ನೂ ನನ್ನ ಹತ್ತಿರ ಇದೆ. ಮಡಿಕೆಗಳಲ್ಲಿ ಹರಿದಿದೆ, ಶಾಯಿ ಮಾಸಿದೆ. ಮೊನ್ನೆ ತೆಗೆದು ಓದಿದೆ. ಮೊದಲ ಪುಟ ಇಡೀ ಊಟದ ದೂರು. ಕೊನೆಯಲ್ಲಿ ನಾಲ್ಕು ಸಾಲು: "ಅತ್ತಿಗೆ, ಇಲ್ಲಿ ನಮ್ಮ ರೂಮಿನಲ್ಲಿ ಆರು ಜನ. ಅದರಲ್ಲಿ ಇಬ್ಬರಿಗೆ ಉಂಟು. ಪಾಪ, ಯಾರಿಗೂ ಹೇಳಿರಲಿಲ್ಲ. ನಾನು ಕಣ್ಣಿನ ಕ್ಲಾಸ್ ಶುರು ಮಾಡಿದ್ದೇನೆ. ಟೀಚರ್ ಆಗುವ ಮೊದಲೇ ಟೀಚರ್ ಆಗಿದ್ದೇನೆ ಎಂದು ಮಾವನಿಗೆ ಹೇಳಿ."